‘ನಿಮ್ಮ ತಪ್ಪಿಲ್ಲ’ ಎಂಬ ಮಾತು ಸಾಲದಾಗುವುದೇಕೆ?

ಪ್ರಶ್ನೆ: ನಾನು ತುಮಕೂರಿನವಳು, ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಯಜಮಾನರು ರೈಲ್ವೆಯಲ್ಲಿ ಲೋಕೋ ಪೈಲಟ್. ಎರಡೂವರೆ ತಿಂಗಳ ಹಿಂದೆ ಬೆಳಗಿನ ಹೊತ್ತು, ಕ್ಯಾತ್ಸಂದ್ರ ದಾಟಿದ ಮೇಲೆ, ಹಳಿ ದಾಟುತ್ತಿದ್ದ ಹುಡುಗನೊಬ್ಬ ಅವರ ಗಾಡಿಗೆ ಸಿಕ್ಕಿ ತೀರಿಕೊಂಡ. ಇವರು ಹಾರ್ನ್ ಹೊಡೆದರು, ಬ್ರೇಕ್ ಹಾಕಿದರು, ಗಾಡಿ ನಿಲ್ಲಲಿಲ್ಲ. ಅಂದಿನಿಂದ ರಾತ್ರಿ ಎದ್ದು ಕೂರುತ್ತಾರೆ, ಊಟ ಸೇರುವುದಿಲ್ಲ, ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. ‘ಇದೆಲ್ಲ ಡ್ಯೂಟಿಯಲ್ಲಿ ಇದ್ದದ್ದೇ, ನಿನ್ನ ತಪ್ಪೇನೂ ಇಲ್ಲ’ ಎಂದು ಜೊತೆಯವರು ಹೇಳುತ್ತಾರೆ. ಅತ್ತೆಯವರು ಶಾಂತಿ ಮಾಡಿಸೋಣ ಎನ್ನುತ್ತಾರೆ. ಇವರು ಮಾತ್ರ ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಅವರಿಗೆ ರೈಲ್ವೆಯಿಂದ ಏನಾದರೂ ಪರಿಹಾರ ಸಿಕ್ಕಿತೋ ಇಲ್ಲವೋ ತಿಳಿಯಬೇಕು ಎನ್ನುತ್ತಿದ್ದಾರೆ. ಡಾಕ್ಟರ ಬಳಿ ಹೋದರೆ ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಹೆದರಿಕೆ ಬೇರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಯಜಮಾನರಿಗೆ ಆಗಿರುವುದು ಮನಸ್ಸಿನ ದೌರ್ಬಲ್ಯವಲ್ಲ, ಹುಚ್ಚಿನ ಆರಂಭವೂ ಅಲ್ಲ. ಅದು ಕೆಲಸದ ಮೇಲಿದ್ದಾಗ ಆದ ಒಂದು ಗಾಯ. ಅದರ ಲಕ್ಷಣಗಳನ್ನು ವೈದ್ಯಶಾಸ್ತ್ರ ಚೆನ್ನಾಗಿ ಗುರುತಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಆ ಗಾಯ ಎಲ್ಲಿ ಆಗಿದೆ ಎಂಬುದನ್ನು ಮನೆಯವರು ಸರಿಯಾಗಿ ಅರ್ಥ ಮಾಡಿಕೊಳ್ಳದಿದ್ದರೆ, ಸಮಾಧಾನಕ್ಕೆಂದು ಆಡಿದ ಮಾತೇ ಅವರನ್ನು ಇನ್ನಷ್ಟು ಒಂಟಿಯಾಗಿಸುತ್ತದೆ. ಆದ್ದರಿಂದ ಮೊದಲು ಆ ಬೆಳಗಿನ ಕೆಲವು ಸೆಕೆಂಡುಗಳ ವಿಷಯವನ್ನೇ ಬರೆಯುತ್ತೇನೆ.

ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 30 ಮೀಟರ್ ಮುಂದೆ ಹೋಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಸಾವಿರಾರು ಟನ್ ಸರಕನ್ನು ಒಂದು ಎಂಜಿನ್ ಎಳೆಯಲು ಸಾಧ್ಯವಾಗುವುದು ಅದರಿಂದಲೇ, ತುರ್ತು ಬ್ರೇಕ್ ಹಾಕಿದ ಮೇಲೂ ಎಕ್ಸ್‌ಪ್ರೆಸ್ ಗಾಡಿ ನಿಲ್ಲಲು ಒಂದು ಕಿಲೋಮೀಟರಿನ ಆಸುಪಾಸು ಬೇಕಾಗುವುದೂ ಅದರಿಂದಲೇ. ಹಳಿಯ ಮೇಲೆ ಒಬ್ಬ ಮನುಷ್ಯ 300 ಮೀಟರ್ ದೂರದಲ್ಲಿ ಕಾಣಿಸಿಕೊಂಡನೆಂದರೆ ಚಾಲಕನ ಕೈಯಲ್ಲಿರುವುದು ಹೆಚ್ಚೆಂದರೆ ಹತ್ತು ಸೆಕೆಂಡು. ಅದರಲ್ಲಿ ಮೊದಲ ಒಂದೆರಡು ಸೆಕೆಂಡು ಹಾರ್ನ್ ಮತ್ತು ಬ್ರೇಕಿಗೆ ಹೋಗುತ್ತದೆ. ಉಳಿದ ಸೆಕೆಂಡುಗಳಲ್ಲಿ ಅವನು ಮಾಡಬಹುದಾದದ್ದು ಏನೂ ಇರುವುದಿಲ್ಲ. ಬಸ್ಸಿನ ಚಾಲಕನಾಗಿದ್ದರೆ ಸ್ಟೀರಿಂಗ್ ತಿರುಗಿಸಿ ಕೊನೆಯ ಪ್ರಯತ್ನ ಮಾಡಿದೆನೆಂದಾದರೂ ಹೇಳಿಕೊಳ್ಳಬಹುದು. ಎಂಜಿನ್ನಿನಲ್ಲಿ ಕುಳಿತವನಿಗೆ ಅದೂ ಇಲ್ಲ. ಗಾಜಿನ ಹಿಂದೆ ಕುಳಿತು, ಎಲ್ಲವನ್ನೂ ಸರಿಯಾಗಿಯೇ ಮಾಡಿ ಮುಗಿಸಿ, ಮುಂದೆ ಆಗಲಿರುವುದನ್ನು ನೋಡುತ್ತಿರಬೇಕು. ಎಷ್ಟೋ ಬಾರಿ ಆ ಮುಖವೂ ಕಾಣುತ್ತದೆ, ಕಣ್ಣಿಗೆ ಕಣ್ಣೂ ಕೂಡುತ್ತದೆ. ನಿಮ್ಮ ಯಜಮಾನರ ನಿದ್ದೆ ಕೆಡಿಸುತ್ತಿರುವುದು ಆ ಖಾಲಿ ಸೆಕೆಂಡುಗಳು ಎಂದು ನಾನು ಭಾವಿಸುತ್ತೇನೆ.

ಹೀಗಿರುವಾಗ ‘ನಿನ್ನ ತಪ್ಪಿಲ್ಲ’ ಎಂಬ ಮಾತು ಅವರಿಗೇಕೆ ತಾಕುವುದಿಲ್ಲ ಎಂಬುದನ್ನು ಗಮನಿಸಿ. ತಮ್ಮ ತಪ್ಪಿಲ್ಲವೆಂದು ಅವರಿಗೆ ಗೊತ್ತಿದೆ. ಕಾನೂನು ಹಾಗೆಯೇ ಹೇಳುತ್ತದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹಳಿಗೆ ಇಳಿಯುವುದೇ ಅಪರಾಧ, ಅದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇಲಾಖೆಯ ಕಡತದಲ್ಲಿ ಅದು ‘ಮ್ಯಾನ್ ರನ್ ಓವರ್’ ಎಂಬ ಒಂದು ಸಾಲಾಗಿ ಮುಗಿಯುತ್ತದೆ. ಆದರೆ ತಪ್ಪು ಯಾರದೆಂಬ ಪ್ರಶ್ನೆ ಬಗೆಹರಿದ ಮಾತ್ರಕ್ಕೆ ಒಂದು ಸಾವನ್ನು ಅಷ್ಟು ಹತ್ತಿರದಿಂದ ಕಂಡ ನೋವು ಬಗೆಹರಿಯುವುದಿಲ್ಲ. ತಪ್ಪಿಲ್ಲ ಎಂದು ನಾವು ಪದೇ ಪದೇ ಹೇಳುತ್ತಾ ಹೋದಷ್ಟೂ, ಹಾಗಾದರೆ ನಾನು ನೊಂದುಕೊಳ್ಳುವುದೇ ತಪ್ಪೇನೋ ಎಂಬ ಭಾವನೆ ಅವರಲ್ಲಿ ಬೆಳೆಯುತ್ತದೆ, ಮಾತು ನಿಂತುಹೋಗುತ್ತದೆ.

ಆ ಹುಡುಗ ಏಕೆ ದಾಟಿದ ಎಂಬ ಪ್ರಶ್ನೆಯೂ ಅವರನ್ನು ಕಾಡುತ್ತಿರಬಹುದು. ನಮ್ಮ ಜಿಲ್ಲೆಯಲ್ಲಿ ಹಳಿಯ ಒಂದು ಕಡೆ ಊರು, ಇನ್ನೊಂದು ಕಡೆ ತೋಟ, ಶಾಲೆ, ಹೆದ್ದಾರಿ, ಬಸ್ ನಿಲ್ದಾಣ ಇರುವುದು ಸಾಮಾನ್ಯ. ಗುಬ್ಬಿ, ತಿಪಟೂರಿನ ಕಡೆಗೆ ಹೋದರೂ ಅಷ್ಟೇ, ಬೆಂಗಳೂರಿನ ಕಡೆಗೆ ಬಂದರೂ ಅಷ್ಟೇ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಮೇಲ್ಸೇತುವೆ ಹತ್ತಿ ಬರಲು ಅರ್ಧ ಕಿಲೋಮೀಟರ್ ಸುತ್ತಬೇಕು. ದಿನವೂ ದಾಟುವವರಿಗೆ ಅದು ಅಪಾಯವೆಂದೇ ಅನಿಸುವುದಿಲ್ಲ. ಇದರ ಜೊತೆಗೆ ಕಣ್ಣು ಮಾಡುವ ಒಂದು ಮೋಸವಿದೆ. ಬಹಳ ದೊಡ್ಡ ವಸ್ತುವೊಂದು ನಮ್ಮ ಕಡೆಗೆ ಬರುತ್ತಿದ್ದರೆ ಅದು ಇರುವುದಕ್ಕಿಂತ ನಿಧಾನವಾಗಿ ಬರುತ್ತಿದೆ ಎಂದು ಕಾಣುತ್ತದೆ ಎಂಬ ವಿವರಣೆಯನ್ನು ಲೈಬೋವಿಟ್ಸ್ ಎಂಬ ಮನೋವಿಜ್ಞಾನಿ 1985ರಲ್ಲೇ ರೈಲ್ವೆ ಗೇಟುಗಳ ಅಪಘಾತಗಳ ಸಂದರ್ಭದಲ್ಲಿ ಮುಂದಿಟ್ಟರು. ಮಾರ್ಗ ವಿದ್ಯುದೀಕರಣವಾದ ಮೇಲೆ ಡೀಸೆಲ್ ಎಂಜಿನ್ನಿನ ಗುಡುಗು ಇಲ್ಲ. ಜೋಡಿ ಮಾರ್ಗವಾದ ಮೇಲೆ ಒಂದು ಗಾಡಿ ಹೋಯಿತೆಂದು ಕಾಲಿಟ್ಟವನಿಗೆ ಎದುರಿನಿಂದ ಬರುವ ಇನ್ನೊಂದು ಗಾಡಿ ಕಾಣುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದ್ದರಂತೂ ಹಾರ್ನೂ ಕೇಳುವುದಿಲ್ಲ. ಅನಿಲ್ ಕಾಕೋಡ್ಕರ್ ನೇತೃತ್ವದ ಉನ್ನತ ಸುರಕ್ಷತಾ ಸಮಿತಿಯು 2012ರಲ್ಲಿ ಕೊಟ್ಟ ವರದಿಯಲ್ಲಿ, ದೇಶದಲ್ಲಿ ಹೀಗೆ ಹಳಿಯ ಮೇಲೆ ಸಾಯುವವರು ವರ್ಷಕ್ಕೆ ಸುಮಾರು 15,000, ಅವರಲ್ಲಿ ಸುಮಾರು 6,000 ಮಂದಿ ಮುಂಬೈ ಉಪನಗರ ಮಾರ್ಗಗಳಲ್ಲೇ ಸಾಯುತ್ತಾರೆ ಎಂದು ಹೇಳಿತ್ತು. ಪ್ರತಿಯೊಂದು ಸಾವಿನ ಎದುರಿಗೂ ಎಂಜಿನ್ನಿನಲ್ಲಿ ಒಬ್ಬ ಲೋಕೋ ಪೈಲಟ್, ಪಕ್ಕದಲ್ಲಿ ಸಾಮಾನ್ಯವಾಗಿ ಒಬ್ಬ ಸಹಾಯಕ ಇರುತ್ತಾರೆ. ಇವರ ಲೆಕ್ಕ ಯಾರೂ ಮಾಡುವುದಿಲ್ಲ.

ಘಟನೆಯ ನಂತರ ನಡೆಯುವುದನ್ನೂ ನಿಮಗೆ ಹೇಳಬೇಕು, ಏಕೆಂದರೆ ಇದನ್ನು ಅವರು ಮನೆಯಲ್ಲಿ ಹೇಳಿರಲಿಕ್ಕಿಲ್ಲ. ಗಾಡಿ ನಿಂತ ಮೇಲೆ ವಾಕಿಟಾಕಿಯಲ್ಲಿ ಟ್ರೇನ್ ಮ್ಯಾನೇಜರಿಗೆ (ಹಿಂದೆ ಗಾರ್ಡ್ ಎನ್ನುತ್ತಿದ್ದರು), ಸ್ಟೇಷನ್ ಮಾಸ್ಟರಿಗೆ ತಿಳಿಸಬೇಕು. ಇಳಿದು ಹೋಗಿ ನೋಡಬೇಕು. ಜೀವವಿದ್ದರೆ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆಯಾಗಬೇಕು, ಇಲ್ಲದಿದ್ದರೆ ಮಾರ್ಗ ತೆರವಾಗಬೇಕು. ಮುಂದಿನ ನಿಲ್ದಾಣದಲ್ಲಿ ಮೆಮೊ ಬರೆದುಕೊಡಬೇಕು. ಹಿಂದೆ ಬೇರೆ ಗಾಡಿಗಳು ನಿಂತಿರುತ್ತವೆ, ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತಿರುತ್ತಾರೆ. ಬಹಳ ಸಂದರ್ಭಗಳಲ್ಲಿ ಅದೇ ಚಾಲಕ, ಅದೇ ಎಂಜಿನ್ನಿನಲ್ಲಿ ಕುಳಿತು, ಸಿಬ್ಬಂದಿ ಬದಲಾಗುವ ನಿಲ್ದಾಣದವರೆಗೆ ಗಾಡಿ ಓಡಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯಲ್ಲಿ ಮೊದಲು ಬದಲಾಗಬೇಕಾದದ್ದು ಇದು. ಕೈ ನಡುಗುತ್ತಿರುವ ಮನುಷ್ಯನಿಗೆ ನೂರಾರು ಜನರ ಜೀವವನ್ನು ಒಪ್ಪಿಸುವುದು ಅವನಿಗೂ ನ್ಯಾಯವಲ್ಲ, ಹಿಂದೆ ಕುಳಿತವರಿಗೂ ನ್ಯಾಯವಲ್ಲ. ರಜೆ ತೆಗೆದುಕೊಂಡರೆ ಓಡಿಸಿದ ಕಿಲೋಮೀಟರಿನ ಮೇಲೆ ಬರುವ ಭತ್ಯೆ ಹೋಗುತ್ತದೆ, ಆದ್ದರಿಂದ ಹಲವರು ಮಾರನೆಯ ದಿನವೇ ಲಾಬಿಗೆ, ಅಂದರೆ ಚಾಲಕರು ಡ್ಯೂಟಿಗೆ ಹಾಜರಾಗುವ ಕಚೇರಿಗೆ, ಬಂದು ಸಹಿ ಹಾಕುತ್ತಾರೆ. ಅದೇ ಜಾಗ, ಅದೇ ತಿರುವು, ಅದೇ ಹೊತ್ತಿನಲ್ಲಿ ಮತ್ತೆ ಎದುರಾಗುತ್ತದೆ. ಬೆಳಗಿನ ಗಸ್ತಿನಲ್ಲಿ ಹಳಿ ನೋಡುತ್ತಾ ನಡೆಯುವ ಕೀಮನ್, ದೇಹದ ಬಳಿ ಕಾವಲು ನಿಲ್ಲುವ ಟ್ರ್ಯಾಕ್‌ಮನ್, ಪಂಚನಾಮೆ ಬರೆಯುವ ರೈಲ್ವೆ ಪೊಲೀಸ್ ಪೇದೆ, ಇವರ ಮನಸ್ಸಿಗೂ ಇದೇ ಪೆಟ್ಟು ಬೀಳುತ್ತದೆ. ಅವರನ್ನು ಕೇಳುವವರು ಇನ್ನೂ ಕಡಿಮೆ.

ಈಗ ಚಿಕಿತ್ಸೆಯ ಮಾತು. ಇಂಥ ಘಟನೆಯಾದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು, ಊಟ ಸೇರದಿರುವುದು, ದೃಶ್ಯ ಮರುಕಳಿಸುವುದು ಸಹಜ. ಬಹುಪಾಲು ಚಾಲಕರು ಮನೆಯವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದು ತಿಂಗಳು ಕಳೆದ ಮೇಲೂ ಇವು ಇಳಿಯದೆ ಉಳಿದರೆ, ಅಥವಾ ಆ ಜಾಗವನ್ನು, ಆ ಮಾತನ್ನು, ಆ ಶಬ್ದವನ್ನು ಮನುಷ್ಯ ತಪ್ಪಿಸಿಕೊಳ್ಳತೊಡಗಿದರೆ, ಅದು ಆಘಾತೋತ್ತರ ಒತ್ತಡದ ಕಾಯಿಲೆಯಾಗಿರಬಹುದು. ನಿಮ್ಮ ಮನೆಯಲ್ಲಿ ಎರಡೂವರೆ ತಿಂಗಳಾಗಿದೆ. ಇನ್ನು ಕಾಯುವುದು ಬೇಡ. ಈ ವಾರವೇ ಮನೋವೈದ್ಯರನ್ನು ಕಾಣಿಸಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು, ಬೆಂಗಳೂರಿನ ನಿಮ್ಹಾನ್ಸ್ ಸುಮಾರು 70 ಕಿಲೋಮೀಟರ್ ದೂರವಷ್ಟೇ. ಹೊರಗೆ ಹೋಗಲು ಅವರು ಒಪ್ಪದಿದ್ದರೆ, ಮೊದಲ ಹೆಜ್ಜೆಯಾಗಿ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ನೀವೂ ನಿಮ್ಮ ಪರವಾಗಿ ಮಾತನಾಡಬಹುದು.

ಚಿಕಿತ್ಸೆ ಎಂದರೆ ಮಾತ್ರೆ ಎಂದಷ್ಟೇ ತಿಳಿಯಬೇಡಿ. ತರಬೇತಿ ಪಡೆದ ಆಪ್ತಸಮಾಲೋಚಕರೊಂದಿಗೆ ಹಲವು ವಾರಗಳ ಕಾಲ, ಹಂತಹಂತವಾಗಿ, ಆ ನೆನಪಿನ ಬಳಿಗೆ ಹೋಗಿ ಬರುವ ಮಾತಿನ ಚಿಕಿತ್ಸೆ ಇದಕ್ಕೆ ಮುಖ್ಯವಾದದ್ದು. ಕಣ್ಣಿನ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ಎಂಬ ಇನ್ನೊಂದು ವಿಧಾನವೂ ಇದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು ಈ ಎರಡನ್ನೇ. ಅಗತ್ಯವಿದ್ದರೆ ಖಿನ್ನತೆ ನಿವಾರಕ ಔಷಧಿಯನ್ನೂ ವೈದ್ಯರು ಕೊಡುತ್ತಾರೆ. ಮೆಡಿಕಲ್ ಶಾಪಿನಿಂದ ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆ ತಂದು ನುಂಗುವುದನ್ನು ಮಾತ್ರ ಖಂಡಿತ ತಡೆಯಿರಿ. ಆಘಾತದ ನಂತರದ ಮೊದಲ ತಿಂಗಳಲ್ಲಿ ಈ ಗುಂಪಿನ ಮಾತ್ರೆಗಳನ್ನು ಒತ್ತಡಕ್ಕಾಗಿ ಕೊಡಬಾರದು ಎಂದು ಅದೇ ಸಂಸ್ಥೆ ಹೇಳಿದೆ. ಎಂಜಿನ್ ನಡೆಸುವವರಿಗೆ ಅದರ ಮಂಪರು ಯಾವ ತಿಂಗಳಲ್ಲಿ ಆದರೂ ಅಪಾಯವೇ. ಕುಡಿತದ ವಿಷಯದಲ್ಲೂ ಇಷ್ಟೇ ಕಟ್ಟುನಿಟ್ಟಾಗಿರಿ. ಹಾಗೆಯೇ ಸಂಬಂಧಿಕರು ಬಂದಾಗಲೆಲ್ಲ ‘ಏನಾಯಿತು ಹೇಳು’ ಎಂದು ಪೂರ್ತಿ ಕತೆಯನ್ನು ಬಲವಂತವಾಗಿ ಹೇಳಿಸುವುದು ಬೇಡ. ಹೇಳಿಸಿಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆಯಿಂದ ಹಿಂದೆ ಹಲವು ದೇಶಗಳಲ್ಲಿ ಒಂದೇ ಕೂಟದಲ್ಲಿ ಎಲ್ಲವನ್ನೂ ಹೇಳಿಸುತ್ತಿದ್ದರು, ಅದರಿಂದ ಪ್ರಯೋಜನವಾಗಲಿಲ್ಲವೆಂದು ಅಧ್ಯಯನಗಳಿಂದ ತಿಳಿದ ಮೇಲೆ ಆ ಪದ್ಧತಿಯನ್ನು ಕೈಬಿಡುವಂತೆ ತಜ್ಞರು ಸಲಹೆ ಮಾಡಿದ್ದಾರೆ.

ಕೆಲಸದ ಹೆದರಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ, ಆದರೆ ಅದು ನೀವು ಊಹಿಸಿದಷ್ಟು ದೊಡ್ಡದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಇಂಥ ಗಾಯ ವೈಕಲ್ಯದ ಮಟ್ಟಕ್ಕೆ ಹೋಗುವುದು ಅಪರೂಪ, ಅದರಲ್ಲೂ ಬೇಗ ಚಿಕಿತ್ಸೆ ಸಿಕ್ಕರೆ ಇನ್ನೂ ಅಪರೂಪ. ಆದರೆ ಯಾವುದೇ ಔಷಧಿ ಆರಂಭಿಸಿದರೆ ರೈಲ್ವೆ ವೈದ್ಯರಿಂದ ಮುಚ್ಚಿಡಬಾರದು. ನಿದ್ದೆಗೆಟ್ಟ ಕಣ್ಣಿನಲ್ಲಿ ಸಿಗ್ನಲ್ ನೋಡುತ್ತಾ ಹೋಗುವುದಕ್ಕಿಂತ ಕೆಲವು ವಾರ ರೋಗಿ ರಜೆಯಲ್ಲಿರುವುದು ಸಾವಿರ ಪಾಲು ಮೇಲು.

ಮನೆಯಲ್ಲಿ ನೀವೇನು ಮಾಡಬಹುದು ಎಂದು ಕೇಳಿದ್ದೀರಿ. ತಪ್ಪು-ಸರಿಯ ಮಾತನ್ನು ಸ್ವಲ್ಪ ದಿನ ಬದಿಗಿಡಿ. ಅವರಾಗಿಯೇ ಮಾತೆತ್ತಿದ ದಿನ, ಮಧ್ಯೆ ಬಾಯಿ ಹಾಕದೆ, ಕಣ್ಣೀರು ಬಂದರೆ ತಡೆಯದೆ, ಪೂರ್ತಿ ಕೇಳಿಸಿಕೊಳ್ಳಿ. ‘ಆ ಹೊತ್ತಿನಲ್ಲಿ ನಿಮಗೆ ಎಷ್ಟು ಕಷ್ಟವಾಗಿರಬೇಕು’ ಎಂಬ ಒಂದು ಮಾತು, ‘ನಿಮ್ಮ ತಪ್ಪಿಲ್ಲ’ ಎಂಬ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಗಳಿಗೆ ಅಪ್ಪನಿಗೆ ಏನಾಗಿದೆ ಎಂಬುದನ್ನು ಅವಳ ವಯಸ್ಸಿಗೆ ತಕ್ಕಂತೆ ಹೇಳಿ. ಹೇಳದಿದ್ದರೆ ಅಪ್ಪನ ಸಿಟ್ಟಿಗೆ ತಾನೇ ಕಾರಣವೆಂದು ಮಕ್ಕಳು ತಿಳಿದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಯಾವ ವಾಸನೆ, ಯಾವ ಪದಾರ್ಥ ಅವರಿಗೆ ಆಗುತ್ತಿಲ್ಲ ಎಂಬುದನ್ನು ಗಮನಿಸಿ, ಕೆಲವು ಕಾಲ ಅದನ್ನು ಮಾಡಬೇಡಿ. ಅತ್ತೆಯವರು ಹೇಳಿದ ಶಾಂತಿಯನ್ನು ಬೇಡವೆನ್ನಬೇಡಿ. ಸತ್ತವನ ಹೆಸರಿನಲ್ಲಿ ಒಂದು ದೀಪ ಹಚ್ಚುವುದು, ಸಿದ್ಧಗಂಗೆಯಲ್ಲೋ ಇನ್ನೆಲ್ಲೋ ನಾಲ್ಕು ಜನಕ್ಕೆ ಅನ್ನ ಹಾಕಿಸುವುದು, ಆ ಸಾವು ತನಗೆ ಬರೀ ಒಂದು ಮೆಮೊ ಆಗಿರಲಿಲ್ಲ ಎಂದು ತೋರಿಸುವ ದಾರಿಯನ್ನು ಅವರಿಗೆ ಕೊಡುತ್ತದೆ. ಅದನ್ನು ಚಿಕಿತ್ಸೆಯ ಜೊತೆಗೆ ಮಾಡಿ, ಚಿಕಿತ್ಸೆಯ ಬದಲಿಗೆ ಮಾಡಬೇಡಿ.

ಆ ಹುಡುಗನ ಮನೆಗೆ ಹೋಗುವುದು ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರೈಲ್ವೆ ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿರುತ್ತಾರೆ, ಅದರ ವಿಚಾರಣೆ ಇನ್ನೂ ಮುಗಿಯದಿರಬಹುದು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಆ ಮನೆಯ ಸ್ಥಿತಿ. ಆ ತಂದೆತಾಯಿ ಪಂಚನಾಮೆ, ಮರಣೋತ್ತರ ಪರೀಕ್ಷೆ, ಗುರುತು ಹಿಡಿಯುವುದು ಇವೆಲ್ಲವನ್ನೂ ದಾಟಿ ಬಂದಿದ್ದಾರೆ. ಕೆಲವರಿಗೆ ಕೊನೆಯ ಬಾರಿ ಮುಖ ನೋಡುವುದೂ ಸಾಧ್ಯವಾಗಿರುವುದಿಲ್ಲ. ‘ಕಣ್ಣು ಕಾಣಿಸುತ್ತಿರಲಿಲ್ಲವೇ’ ಎಂದು ಊರಿನವರು ಸತ್ತವನನ್ನೇ ಬೈಯುವುದನ್ನು ಕೇಳಿದ್ದಾರೆ. ಅಪಘಾತವೋ, ಅವನಾಗಿಯೇ ಹೋದನೋ ಎಂಬ ಅನುಮಾನ ಕೆಲವು ಮನೆಗಳಲ್ಲಿ ಎಂದೂ ಬಗೆಹರಿಯುವುದಿಲ್ಲ, ಮತ್ತು ಬಗೆಹರಿಯದ ಪ್ರಶ್ನೆಯೊಂದಿಗೆ ದುಃಖಿಸುವುದು ಬಹಳ ಕಠಿಣ. ಅಂಥ ಮನೆಗೆ ಚಾಲಕನೇ ಬಂದು ನಿಂತರೆ ಅವರು ಮೊದಲು ಕೇಳುವುದು, ಕೊನೆಯಲ್ಲಿ ಅವನು ಏನು ಮಾಡುತ್ತಿದ್ದ, ನಿಮ್ಮನ್ನು ನೋಡಿದನೇ, ಎಂದು. ಅದಕ್ಕೆ ಉತ್ತರ ಕೊಡುವ ಶಕ್ತಿ ಇಂದು ನಿಮ್ಮ ಯಜಮಾನರಿಗಿಲ್ಲ, ಕೇಳಿಸಿಕೊಳ್ಳುವ ಶಕ್ತಿ ಅವರಿಗಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಕ್ಷಮೆ ಕೇಳಿಸಿಕೊಂಡು ಕ್ಷಮಿಸಬೇಕಾದ ಹೊರೆಯನ್ನು ಅವರ ಮೇಲೆ ಹಾಕುವುದೂ ಸರಿಯಲ್ಲ. ಆರೇಳು ತಿಂಗಳು ಕಳೆದ ಮೇಲೆ, ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ, ಎರಡೂ ಕಡೆಗೆ ಗೊತ್ತಿರುವ ಹಿರಿಯರೊಬ್ಬರ ಮೂಲಕ ಆ ಮನೆಯವರ ಮನಸ್ಸು ತಿಳಿದುಕೊಳ್ಳಿ. ಅವರು ಬನ್ನಿ ಎಂದರೆ ಆಗ ಹೋಗಲಿ. ಅಲ್ಲಿಯವರೆಗೆ, ತಾವು ಹೇಳಬೇಕೆಂದಿರುವುದನ್ನು ಒಂದು ಕಾಗದದಲ್ಲಿ ಬರೆದು ಆಪ್ತಸಮಾಲೋಚಕರ ಮುಂದೆ ಓದಲಿ.

ಪರಿಹಾರದ ವಿಷಯ ಸ್ವಲ್ಪ ಕಠೋರವಾಗಿದೆ. ರೈಲ್ವೆ ಕಾಯ್ದೆಯ 124ಎ ಕಲಮಿನಡಿ, ಪ್ರಯಾಣಿಕ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ, ರೈಲ್ವೆಯ ತಪ್ಪಿಲ್ಲದಿದ್ದರೂ ಕುಟುಂಬಕ್ಕೆ ಪರಿಹಾರ ಸಿಗುತ್ತದೆ. 2017ರ ಜನವರಿಯಿಂದ ಅದು 8 ಲಕ್ಷ ರೂಪಾಯಿ. ಹಳಿ ದಾಟುವಾಗ ಸತ್ತವರಿಗೆ ಈ ಕಲಮು ಅನ್ವಯಿಸುವುದಿಲ್ಲ. ಆದರೆ ಆ ಹುಡುಗ ಟಿಕೆಟ್ ಪಡೆದು ಗಾಡಿ ಹತ್ತಲು ಅಥವಾ ಇಳಿದು ಹೋಗುತ್ತಿದ್ದವನೇ ಎಂಬುದನ್ನು ಮನೆಯವರು ವಕೀಲರೊಬ್ಬರ ಬಳಿ ವಿಚಾರಿಸುವುದು ಒಳ್ಳೆಯದು, ಏಕೆಂದರೆ ದೇಹದ ಬಳಿ ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಆತ ಪ್ರಯಾಣಿಕನಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅರ್ಜಿಯನ್ನು ಒಂದು ವರ್ಷದೊಳಗೆ ಬೆಂಗಳೂರಿನ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಪೀಠಕ್ಕೆ ಹಾಕಬೇಕು. ಈ ಮಾಹಿತಿಯನ್ನು ಊರಿನ ಹಿರಿಯರ ಮೂಲಕ ಅವರಿಗೆ ಮುಟ್ಟಿಸಬಹುದು. ಅದು ನಿಮ್ಮ ಯಜಮಾನರಿಂದ ಆಗಬಹುದಾದ ನಿಜವಾದ ಸಹಾಯ, ಅವರ ಹೆಸರು ಹೇಳಬೇಕಾಗಿಯೂ ಇಲ್ಲ.

ಶಿಕ್ಷಕಿಯಾಗಿ ನಿಮ್ಮಿಂದ ಆಗುವ ಒಂದು ಕೆಲಸವನ್ನೂ ಸೇರಿಸುತ್ತೇನೆ. ಇಂಥ ಘಟನೆಯಾದ ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡತೊಡಗುತ್ತದೆ. ಸತ್ತವನ ತಂಗಿಯೋ ತಮ್ಮನೋ ಸಾವಿನ ಸುದ್ದಿಯನ್ನು ಅದರಿಂದಲೇ ತಿಳಿಯುತ್ತಾರೆ. ವಿಯೆನ್ನಾದಲ್ಲಿ 1987ರಲ್ಲಿ ಸುರಂಗ ರೈಲಿನ ಆತ್ಮಹತ್ಯೆಗಳ ವರದಿಗೆ ಪತ್ರಿಕೆಗಳು ಸಂಯಮ ಪಾಲಿಸತೊಡಗಿದ ಮೇಲೆ ಅಂಥ ಸಾವುಗಳು ಗಣನೀಯವಾಗಿ ಇಳಿದವು. ಆ ಸಂಯಮ ಈಗ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿಗೂ ಬೇಕು. ಮಕ್ಕಳಿಗೆ ಹಳಿಯ ಅಪಾಯ ಹೇಳುವಾಗ ಶವದ ಚಿತ್ರ ತೋರಿಸಬೇಡಿ. ಸೆಕೆಂಡಿಗೆ 30 ಮೀಟರ್ ಎಂಬುದನ್ನು ಶಾಲೆಯ ಮೈದಾನದಲ್ಲಿ ಅಳೆದು ತೋರಿಸಿ. ಮುಂಬೈನ ವಡಾಲಾ ಬಳಿ ಸುಮಾರು 2010ರ ಹೊತ್ತಿಗೆ ಹಳಿಯ ಕೆಳಗಿನ ಕೆಲವು ಅಡ್ಡಪಟ್ಟಿಗಳಿಗೆ (ಸ್ಲೀಪರು) ಹಳದಿ ಬಣ್ಣ ಬಳಿದು, ಬರುವ ಗಾಡಿಯ ವೇಗ ದಾಟುವವರ ಕಣ್ಣಿಗೆ ತಿಳಿಯುವಂತೆ ಮಾಡಿದ್ದರು, ಉದ್ದನೆಯ ಒಂದು ಹಾರ್ನಿನ ಬದಲು ಗಿಡ್ಡನೆಯ ಎರಡು ಹಾರ್ನ್ ಹೊಡೆಸಿದ್ದರು. ಅಲ್ಲಿ ಸಾವುಗಳು ಕಡಿಮೆಯಾದವು. ನಮ್ಮ ಜಿಲ್ಲೆಯಲ್ಲಿ ಜನ ದಿನವೂ ದಾಟುವ ಜಾಗಗಳು ಕೀಮನ್‌ಗಳಿಗೆ ಒಂದೊಂದಾಗಿ ಗೊತ್ತಿವೆ. ಬಣ್ಣ, ಬೇಲಿ, ನೀರು ನಿಲ್ಲದ ಅಂಡರ್‌ಪಾಸ್ ಎಲ್ಲೆಲ್ಲಿ ಬೇಕೆಂದು ಅವರನ್ನೇ ಕೇಳಿ ಗ್ರಾಮ ಪಂಚಾಯಿತಿಗಳು ರೈಲ್ವೆಗೆ ಬರೆಯಬೇಕು.

ನಿಮ್ಮ ಯಜಮಾನರು ಮತ್ತೆ ಡ್ಯೂಟಿಗೆ ಹೋಗುವ ಮೊದಲು ಚಾಲಕರ ಮೇಲ್ವಿಚಾರಕರಾದ ತಮ್ಮ ಚೀಫ್ ಲೋಕೋ ಇನ್‌ಸ್ಪೆಕ್ಟರ್ ಅವರನ್ನು ಕಂಡು, ಆರಂಭದ ಕೆಲವು ಸಲ ಬೇರೆ ಸೆಕ್ಷನ್ ಅಥವಾ ಹಗಲಿನ ಗಾಡಿ ಕೊಡುವಂತೆ, ಕ್ಯಾತ್ಸಂದ್ರದ ಮಾರ್ಗದಲ್ಲಿ ಮೊದಲ ಬಾರಿ ಹೋಗುವಾಗ ಇನ್‌ಸ್ಪೆಕ್ಟರರೇ ಎಂಜಿನ್ನಿನಲ್ಲಿ ಜೊತೆಗಿರುವಂತೆ ಲಿಖಿತವಾಗಿ ಕೇಳಲಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ. ವೈದ್ಯರ ಬಳಿ ಮೊದಲ ಭೇಟಿಗೆ ನೀವೂ ಹೋಗಿ. ನಿದ್ದೆ, ಊಟ, ಸಿಟ್ಟು ಯಾವಾಗಿನಿಂದ ಹೇಗಿದೆ ಎಂದು ದಿನಾಂಕ ಸಮೇತ ಬರೆದುಕೊಂಡು ಹೋದರೆ ಅವರಿಗೆ ಅನುಕೂಲ. ಈ ನಡುವೆ ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಅವರ ಬಾಯಿಂದ ಬಂದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ 14416ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ.